ನಾಲ್ಕನೇ ಬಸ್ಸಿನ ಗಾಳಿಯನ್ನು ಮರಳಿ ತುಂಬಿಸುವ ಕುರಿತು

ಕೌಂಟಿ ಶಾಲಾ ವಾಹನ ವಿಭಾಗ, ಉತ್ತರ ಡಕೋಟಾ

ಸಂಖ್ಯೆ: ಶಾವಾವಿ/ರೇಡಿ/ಗಾಳಿ/4
ದಿನಾಂಕ: ಜನವರಿ 17

ಸುತ್ತೋಲೆ

ವಿಷಯ: ನಾಲ್ಕನೇ ಬಸ್ಸಿನ ರೇಡಿಯೇಟರಿನಲ್ಲಿ ಸಿಕ್ಕಿಕೊಂಡಿದ್ದ ಗಾಳಿಯನ್ನು ಪೂರ್ವಾನುಮತಿ ಇಲ್ಲದೆ ಹೊರಬಿಟ್ಟಿರುವ ಬಗ್ಗೆ.

ಉಲ್ಲೇಖ: 1) ಚಾಲಕಿ ಬರ್ನೀಸ್ ಯೆಲ್ಲಾಂಡ್ ಅವರು ದಿನಕ್ಕೊಂದರಂತೆ ನೀಡಿದ ಹನ್ನೊಂದು ದೂರುಗಳು (ಪರಿಶೀಲನೆಯಲ್ಲಿವೆ).
2) ಸ್ಮಶಾನ ಸಮಿತಿಯವರ ಒಂದು ದೂರು (ತಕ್ಷಣ ಕ್ರಮ ಕೈಗೊಳ್ಳಲಾಗಿದೆ).

ಪ್ರಸ್ತಾವನೆ:

ಕ್ರಿಸ್‌ಮಸ್ ರಜೆಯಲ್ಲಿ ನಾಲ್ಕನೇ ಬಸ್ಸಿನ ನೀರಿನ ಪಂಪು ಬದಲಾಯಿಸಿದಾಗ ಕೊಳವೆಗಳೊಳಗೆ ಗಾಳಿ ಸೇರಿಕೊಂಡಿತೆಂದೂ, ಅದು ದಾರಿಗೆ ಅಡ್ಡ ಕೂತದ್ದರಿಂದ ಬಿಸಿನೀರು ಹೀಟರಿನವರೆಗೆ ಹೋಗದೆ, ಎಂಜಿನ್ ಕುದಿಯುತ್ತಿದ್ದರೂ ಒಳಗೆ ತಣ್ಣನೆ ಗಾಳಿಯೇ ಬೀಸುತ್ತಿತ್ತೆಂದೂ ವಿಭಾಗದ ಗಮನಕ್ಕೆ ಬಂದಿರುತ್ತದೆ. ಹೊರಗೆ ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗಿತ್ತು. ಇಪ್ಪತ್ತಮೂರು ಮಕ್ಕಳು ಐವತ್ತು ನಿಮಿಷ ಹಲ್ಲು ಕಟಕಟಿಸುತ್ತಾ ಶಾಲೆ ಸೇರುತ್ತಿದ್ದರು. ಮೊನ್ನೆ ಒಂದನೇ ತರಗತಿಯ ಟಿಲ್ಡಾ ಮರಗಟ್ಟಿದ ಕಾಲಲ್ಲಿ ಇಳಿಯಲು ಹೋಗಿ ಮೆಟ್ಟಿಲ ಮೇಲೆ ಬಿದ್ದಳು. ಅವಳನ್ನು ಎತ್ತಿ ಒಳಗೆ ಬಿಟ್ಟುಬಂದ ಬರ್ನೀಸ್ ಅವರು ಸಿಟ್ಟು ನೆತ್ತಿಗೇರಿ, ಬಸ್ಸನ್ನು ಸೀದಾ ಗ್ಯಾರೇಜಿಗೆ ತಂದು, ಮೆಕ್ಯಾನಿಕ್ ಆರ್ವಿಡ್ ತ್ವೀಟ್ ಅವರಿಗೆ, "ಅರ್ಜಿಗಿರ್ಜಿ ಎಲ್ಲ ಆಮೇಲೆ ನೋಡ್ಕೊಳ್ಳೋಣ ಆರ್ವಿಡ್. ಇವತ್ತು ಮಕ್ಕಳು ಬೆಚ್ಚಗೆ ಮನೆಗೆ ಹೋಗ್ಬೇಕು" ಎಂದು ಹೇಳಿದ್ದು ವಿಚಾರಣೆಯಲ್ಲಿ ದೃಢಪಟ್ಟಿದೆ. ಅಂದು ಮಧ್ಯಾಹ್ನ ಹೀಟರ್ ಕೆಲಸ ಮಾಡಿರುವುದು ಸಂಪೂರ್ಣ ಅನಧಿಕೃತ.

ಈ ಹಿನ್ನೆಲೆಯಲ್ಲಿ ಎಲ್ಲ ಸಿಬ್ಬಂದಿಗೆ ಈ ಕೆಳಕಂಡಂತೆ ಸೂಚಿಸಲಾಗಿದೆ:

1. ಗಾಳಿ ಮೇಲಕ್ಕೇರುತ್ತದೆ, ಆದ್ದರಿಂದ ಬಸ್ಸಿನ ಮೂತಿ ಮೇಲಿರಬೇಕು ಎಂಬ ಮೆಕ್ಯಾನಿಕರ ವಾದವನ್ನು ತಾತ್ವಿಕವಾಗಿ ಒಪ್ಪಲಾಗಿದೆ. ಆದರೆ ಅಂಗೈಯಷ್ಟು ಸಪಾಟಾಗಿರುವ ನಮ್ಮ ಕೌಂಟಿಯಲ್ಲಿ ಇರುವುದು ಒಂದೇ ಏರು, ಅದು ಲೂಥರನ್ ಚರ್ಚಿನ ಸ್ಮಶಾನದ ದಾರಿ. ಅಲ್ಲಿ ಬಸ್ಸು ನಲವತ್ತು ನಿಮಿಷ ಮೂತಿ ಎತ್ತಿ ನಿಂತದ್ದನ್ನು ಕಂಡು, ಯಾರೋ ತೀರಿಕೊಂಡರೆಂದು ತಿಳಿದು, ಚರ್ಚಿನ ಮೂವರು ಹೆಂಗಸರು ಸಾವಿನ ಮನೆಗೆ ಒಯ್ಯುವ ಆಲೂಗಡ್ಡೆಯ ಬಿಸಿ ಅಡುಗೆ, ಅಂದರೆ ಹಾಟ್‌ಡಿಶ್, ಮಾಡಿಕೊಂಡು ಬಂದಿರುತ್ತಾರೆ. ಸತ್ತವರು ಯಾರೂ ಲಭ್ಯವಿಲ್ಲದ ಕಾರಣ ಅದನ್ನು ಮೆಕ್ಯಾನಿಕರೇ ತಿಂದಿರುವುದು ಗಂಭೀರ ಲೋಪ.

2. ಇನ್ನು ಮುಂದೆ ಏರಿನಲ್ಲಿ ನಿಲ್ಲಿಸಬೇಕಾದ ಬಸ್ಸುಗಳನ್ನು ಸಮತಟ್ಟಾದ ಏರಿನಲ್ಲಿ ಮಾತ್ರ ನಿಲ್ಲಿಸತಕ್ಕದ್ದು.

3. ರೇಡಿಯೇಟರಿನ ಮುಚ್ಚಳವನ್ನು ಎಂಜಿನ್ ತಣ್ಣಗಿರುವಾಗ ಮಾತ್ರ ತೆರೆಯತಕ್ಕದ್ದು. (ಈ ಅಂಶವು ಕಣ್ತಪ್ಪಿನಿಂದ ಸರಿಯಾಗಿದ್ದು, ಹಾಗೆಯೇ ಉಳಿಸಿಕೊಳ್ಳಲಾಗಿದೆ.)

4. ಗುಳ್ಳೆಗಳು ಒಂದರ ಹಿಂದೆ ಒಂದರಂತೆ ಶಿಸ್ತಾಗಿ ಹೊರಬರತಕ್ಕದ್ದು. ಊಟದ ವಿರಾಮದಲ್ಲಿ ಬಂದ ಗುಳ್ಳೆಗಳನ್ನು ಪರಿಗಣಿಸಲಾಗುವುದಿಲ್ಲ. ಕೊನೆಯ ಗುಳ್ಳೆ ಯಾವುದೆಂಬುದನ್ನು ಅದರ ಮುಂದಿನ ಗುಳ್ಳೆ ಬಂದ ನಂತರವೇ ಖಚಿತಪಡಿಸಿಕೊಳ್ಳತಕ್ಕದ್ದು.

5. ಮೇಲಿನ ಹೋಸ್ ಪೈಪನ್ನು ಕೈಯಿಂದ ಹಿಂಡಿ ಗಾಳಿಯನ್ನು ಹೊರಡಿಸುವುದು ಬಲಪ್ರಯೋಗವಾಗುತ್ತದೆ. ಮೊದಲು ಗಾಳಿಗೆ ನೋಟಿಸು ನೀಡಿ, ತಾನಾಗಿ ಹೊರಡಲು ಹದಿನೈದು ದಿನಗಳ ಕಾಲಾವಕಾಶ ಕೊಡತಕ್ಕದ್ದು.

6. ತನಿಖೆ ಮುಗಿಯುವವರೆಗೆ ಯಥಾಸ್ಥಿತಿ ಕಾಯ್ದುಕೊಳ್ಳಬೇಕಾದ್ದರಿಂದ, ಹೊರಬಿಟ್ಟ ಅದೇ ಗಾಳಿಯನ್ನು, ಅದೇ ಬಸ್ಸಿಗೆ, ಅದೇ ಪ್ರಮಾಣದಲ್ಲಿ ಸೋಮವಾರ ಬೆಳಿಗ್ಗೆ ಆರೂವರೆಯೊಳಗೆ ಮರಳಿ ತುಂಬಿಸತಕ್ಕದ್ದು. ತಪ್ಪಿದಲ್ಲಿ ಇಪ್ಪತ್ತೊಂಬತ್ತು ವರ್ಷಗಳ ಸೇವೆಯನ್ನು ಲೆಕ್ಕಿಸದೆ ಶ್ರೀ ತ್ವೀಟ್ ಅವರನ್ನು ಅಮಾನತಿನಲ್ಲಿಡಲಾಗುವುದು.

7. ಈ ಬಗ್ಗೆ ವಿವರಣೆ ಕೇಳಲಾಗಿ, ಶ್ರೀ ತ್ವೀಟ್ ಅವರು ಅಧೀಕ್ಷಕರಿಗೆ, "ಲೋವೆಲ್, ಆ ಗಾಳಿ ಇಷ್ಟೊತ್ತಿಗೆ ಮಿನೆಸೋಟಾ ದಾಟಿರುತ್ತೆ" ಎಂದು ಎಣ್ಣೆ ಕೈಯಲ್ಲೇ ಬರೆದುಕೊಟ್ಟಿರುತ್ತಾರೆ. ನೆರೆ ರಾಜ್ಯದೊಂದಿಗೆ ಪತ್ರವ್ಯವಹಾರ ಆರಂಭಿಸಲಾಗಿದೆ.

(ಸಹಿ)
ಲೋವೆಲ್ ಬ್ರೆಕ್ಕೆ
ಅಧೀಕ್ಷಕರು, ಶಾಲಾ ವಾಹನ ವಿಭಾಗ

ಪ್ರತಿಗಳು:
1. ಸ್ಮಶಾನ ಸಮಿತಿಗೆ, ವಿಷಾದದೊಂದಿಗೆ.
2. ಹಾಟ್‌ಡಿಶ್ ತಂದ ಮೂವರಿಗೆ, ಪಾತ್ರೆಗಳನ್ನು ಗ್ಯಾರೇಜಿನಿಂದ ಒಯ್ಯುವ ಸಲುವಾಗಿ.
3. ಶ್ರೀ ಆರ್ವಿಡ್ ತ್ವೀಟ್ ಅವರಿಗೆ, ತಪ್ಪದೆ ಪಾಲಿಸಲು.
4. ಸಂಬಂಧಪಟ್ಟ ಗಾಳಿಗೆ, ವಿಳಾಸ ತಿಳಿದ ನಂತರ.
5. ಶ್ರೀಮತಿ ಬರ್ನೀಸ್ ಯೆಲ್ಲಾಂಡ್ ಅವರಿಗೆ, ಸೋಮವಾರ ಬಸ್ಸಿನಲ್ಲಿ ಮಕ್ಕಳಿಗೆ ಓದಿ ಹೇಳಿ ವರದಿ ಸಲ್ಲಿಸಲು.

(ಐದನೇ ಪ್ರತಿಯು ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಈ ಕೆಳಗಿನ ಷರಾದೊಂದಿಗೆ ಕಚೇರಿಗೆ ಮರಳಿರುತ್ತದೆ:)

"ಬಸ್ಸಲ್ಲಿ ಗಟ್ಟಿಯಾಗಿ ಓದಿ ಹೇಳ್ದೆ. ಇಪ್ಪತ್ತಮೂರು ಮಕ್ಕಳೂ ಜಾಕೆಟ್ ಬಿಚ್ಚಿಟ್ಟು, ಆರಾಮಾಗಿ ಕೂತು ಕೇಳಿದ್ರು. ಆರ್ವಿಡ್‌ನನ್ನ ಮನೆಗೆ ಕಳಿಸೋದಾದ್ರೆ ಬಸ್ಸಿನ ಬೀಗದಕೈ ನಿಮ್ಮ ಮೇಜಿನ ಮೇಲಿದೆ ಲೋವೆಲ್. ನಾಳೆಯಿಂದ ನೀವೇ ಓಡಿಸಿ. ಬರ್ನೀಸ್."

(ಕಚೇರಿ ಟಿಪ್ಪಣಿ, ಎಂಟು ಗಂಟೆ ಐದು ನಿಮಿಷ: ಬೀಗದಕೈಯನ್ನು ಶ್ರೀಮತಿ ಯೆಲ್ಲಾಂಡ್ ಅವರಿಗೆ ಖುದ್ದಾಗಿ ಹಿಂದಿರುಗಿಸಲಾಗಿದೆ. ನಾಲ್ಕನೇ ಬಸ್ಸಿನಲ್ಲಿ ಗಾಳಿಯು ಮೊದಲಿನಿಂದಲೂ ಇರಲೇ ಇಲ್ಲವೆಂದು ತೀರ್ಮಾನಿಸಿ ಕಡತವನ್ನು ಮುಕ್ತಾಯಗೊಳಿಸಲಾಗಿದೆ. ಲೋ.ಬ್ರೆ.)