ಮಾವನ ಕಾರಿನ ಸೀಟಿಗೆ ಹದಿನೇಳು ಹೊಲಿಗೆ

ಅರ್ಧ ಊರಿನ ಹೊಟ್ಟೆಗಳನ್ನು ತೆರೆದು ಮುಚ್ಚಿದ ಕೈ ಇದು ಎಂದು ಡಾಕ್ಟರು ತಮ್ಮ ಬಲಗೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿಕೊಂಡರು. ಅಂಥ ಕೈಗೆ ಕಾರಿನ ಸೀಟಿನ ಒಂದಿಂಚು ಹರಕು ಯಾವ ಲೆಕ್ಕ!

"ಸೀಟು ಹೊಲಿಯೋನು ಬೀದಿ ತುದೀಲೇ ಇದಾನೆ. ಸುಮ್ನೆ ಅವನಿಗೆ ಕೊಟ್ಟು ಬನ್ನಿ," ಎಂದಳು ಹೆಂಡತಿ.

"ಅವನೂ ಚರ್ಮ ಹೊಲೀತಾನೆ, ನಾನೂ ಚರ್ಮ ಹೊಲೀತೀನಿ. ಆದ್ರೆ ನಂದು ಜೀವ ಇರೋ ಚರ್ಮ ಕಣೇ."

"ನನಗಿರೋ ಭಯಾನೂ ಅದೇ. ಇದಕ್ಕೆ ಜೀವ ಇಲ್ಲ."

ಡಾಕ್ಟರು ಈ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವರ ತಲೆಯಲ್ಲಿ ಇದ್ದದ್ದು ಮಾವನವರು. ಕಾರು ಅವರದ್ದು. ತಮ್ಮ ಕಾರು ಗ್ಯಾರೇಜು ಸೇರಿದ್ದರಿಂದ ಡಾಕ್ಟರು ಹದಿನೈದು ದಿನಕ್ಕೆಂದು ಅದನ್ನು ಕೇಳಿ ತಂದಿದ್ದರು. ಕೋರ್ಟಿನ ಗುಮಾಸ್ತರಾಗಿ ನಿವೃತ್ತರಾದ ಮೇಲೆ ಮಾವ ಆಸೆಪಟ್ಟು ಕೊಂಡ ಕಾರು. ಅವರು ಅದರ ಸೀಟಿನ ಮೇಲೆ ಕೂರುವಾಗ ಜೇಬಿನಲ್ಲಿದ್ದ ಪೆನ್ನನ್ನೂ ತೆಗೆದಿಡುವವರು. ಅಳಿಯ ಮಹಾಶಯರು ಹಿಂದಿನ ಜೇಬಿನಲ್ಲಿ ಬೀಗದ ಕೈಗೊಂಚಲಿಟ್ಟುಕೊಂಡು ಧೊಪ್ಪನೆ ಕೂತರು. ಚರ್ಮ ಪರ್ ಎಂದಿತು.

ಬೇರೆ ಯಾವ ಕಾಲದಲ್ಲಾದರೂ ಇದು ದೊಡ್ಡ ಮಾತಲ್ಲ. ಆದರೆ ಈಗ ಮಾವನಿಗೆ ಹರ್ನಿಯಾ. ಡಾಕ್ಟರು ಕತ್ತಿ ಹಿಡಿದು ಇಪ್ಪತ್ತೆರಡು ವರ್ಷವಾಗಿದ್ದರೂ ಬಂಧುಗಳಲ್ಲಿ ಒಬ್ಬನೂ ಅವರ ಟೇಬಲ್ ಹತ್ತಿರಲಿಲ್ಲ. ಸ್ವಂತ ಅಣ್ಣ ಅಪೆಂಡಿಕ್ಸ್ ತೆಗೆಸಿಕೊಂಡದ್ದು ಬೇರೆ ಆಸ್ಪತ್ರೆಯಲ್ಲಿ. ಚಿಕ್ಕಮ್ಮನಂತೂ ಕಾಲಿನ ಆಣಿ ತೋರಿಸುವುದಕ್ಕೂ ಬೇರೆ ಊರಿಗೆ ಹೋಗಿದ್ದರು. ಈ ಸಂಕಟ ಡಾಕ್ಟರಿಗೆ ಒಳಗೊಳಗೇ ಕೊರೆಯುತ್ತಿತ್ತು. ಈಗ ಮಾವ ಮೊದಲ ಬಾರಿಗೆ, "ನೋಡೋಣ. ಮುಂದಿನ ಭಾನುವಾರ ಕಾರು ತಗೊಂಡು ಹೋಗೋಕೆ ಬರ್ತೀನಲ್ಲ, ಆಪರೇಷನ್ ನಿಮ್ಮ ಹತ್ರವೇ ಮಾಡಿಸ್ಕೋಬೇಕಾ ಅಂತ ಆಗ ಹೇಳ್ತೀನಿ," ಎಂದಿದ್ದರು. ಆ ಭಾನುವಾರ ಸೀಟು ಹರಿದಿದ್ದರೆ ಉತ್ತರ ಏನೆಂದು ಯಾರಾದರೂ ಹೇಳಬಹುದಿತ್ತು.

ಆ ಭಾನುವಾರಕ್ಕೆ ಎಂಟು ದಿನ ಮುಂಚೆಯೇ, ಶನಿವಾರ ಮಧ್ಯಾಹ್ನ, ಶಸ್ತ್ರಚಿಕಿತ್ಸೆ ಶುರುವಾಯಿತು. ಡಾಕ್ಟರು ಗ್ಲೌಸ್ ಹಾಕಿದರು, ಮಾಸ್ಕ್ ಕಟ್ಟಿದರು. ಹೆಂಡತಿಯ ಕೈಗೆ ಟಾರ್ಚು ಕೊಟ್ಟರು. ಮೊದಲು ಸ್ಪಿರಿಟ್ ಹಾಕಿ ಗಾಯದ ಸುತ್ತ ಒರೆಸಿದರು. ಹತ್ತಿಯ ಜೊತೆ ಸೀಟಿನ ಬಣ್ಣವೂ ಎದ್ದು ಬಂತು. ಕಂದು ಸೀಟಿನ ನಡುವೆ ತಟ್ಟೆಯಗಲದ ಬಿಳಿ ಮಚ್ಚೆ ಮೂಡಿತು.

"ಇದು ಮೊದಲು ಇರಲಿಲ್ಲ," ಎಂದಳು ಹೆಂಡತಿ.

"ಬಣ್ಣ ಆಮೇಲೆ. ಮೊದಲು ಸೋಂಕು ತಡೀಬೇಕು."

"ಸೀಟಿಗೆ?"

ಡಾಕ್ಟರು ಕತ್ತರಿ ಎತ್ತಿಕೊಂಡರು. ಹರಿದ ಅಂಚು ಒರಟಾಗಿದ್ದರೆ ಗಾಯ ಸರಿಯಾಗಿ ಕೂಡುವುದಿಲ್ಲ ಎಂಬುದು ಅವರು ಓದಿದ ವಿದ್ಯೆ. ಆದ್ದರಿಂದ ಎರಡೂ ಅಂಚನ್ನು ಕೊಂಚ ಕೊಂಚ ಕತ್ತರಿಸಿ ನೀಟು ಮಾಡಿದರು. ಒಂದಿಂಚಿನ ಹರಕು ಎರಡಿಂಚಾಯಿತು, ಬಾಯಿಯೂ ಬಿಟ್ಟುಕೊಂಡಿತು. ಎಳೆದರು, ಚರ್ಮ ಬಗ್ಗಲಿಲ್ಲ. ಮನುಷ್ಯರ ಚರ್ಮ ಹೀಗೆ ಹಟ ಮಾಡಿದರೆ ಅಕ್ಕಪಕ್ಕದಲ್ಲಿ ಒಂದೊಂದು ಗೀರು ಹಾಕಿ ಬಿಗಿತ ಸಡಿಲಿಸುತ್ತಾರೆ. ಡಾಕ್ಟರು ಹಾಕಿದರು. ಈಗ ಸೀಟಿನ ಮೇಲೆ ಮೂರು ಗಾಯ.

"ರೀ, ಒಂದಿತ್ತು."

"ಇದಕ್ಕೇ ಕಣೇ ಅನುಭವ ಬೇಕು ಅನ್ನೋದು. ಹೊಸಬನಾಗಿದ್ರೆ ಗಾಬರಿ ಆಗ್ತಿದ್ದ."

ಆಮೇಲೆ ಬಾಗಿದ ಸೂಜಿ ಹಿಡಿದು ಅವರು ಹಾಕಿದ ಹೊಲಿಗೆ ಇದೆಯಲ್ಲ, ಅದನ್ನು ಮಾತ್ರ ಯಾರೂ ಆಡಿಕೊಳ್ಳುವಂತಿಲ್ಲ. ಮೂರು ಗಾಯಕ್ಕೂ ಸೇರಿ ಹದಿನೇಳು. ಒಂದೊಂದಕ್ಕೂ ಒಂದೇ ಅಂತರ, ಒಂದೇ ಬಿಗಿ. ಬೂಟ್ ಪಾಲಿಶ್ ತಿಕ್ಕಿ ಬಿಳಿ ಮಚ್ಚೆಯನ್ನೂ ಮುಚ್ಚಿದ ಮೇಲೆ ಹೆಂಡತಿಯೇ ಬಗ್ಗಿ ನೋಡಿ, "ಪರವಾಗಿಲ್ಲ ಕಣ್ರೀ, ಡಿಸೈನ್ ಅಂದ್ರೂ ನಂಬ್ತಾರೆ," ಎಂದಳು. ಡಾಕ್ಟರು ಆ ವಾರವಿಡೀ ಆಸ್ಪತ್ರೆಗೆ ಆಟೋದಲ್ಲಿ ಓಡಾಡಿದರು. ರೋಗಿಗೆ ವಿಶ್ರಾಂತಿ ಬೇಕಿತ್ತು.

ಭಾನುವಾರ ಬಂತು. ಮಾವ ಹನ್ನೊಂದು ಗಂಟೆಗೆ ಬರುವವರಿದ್ದರು. ಡಾಕ್ಟರು ಬೆಳಗ್ಗೆ ವಾರ್ಡಿಗೆ ಹೋಗಿ ಸಾಲಾಗಿ ಐದು ಜನರ ಹೊಲಿಗೆ ಬಿಚ್ಚಿ, ಅದೇ ಹುರುಪಿನಲ್ಲಿ ಮನೆಗೆ ಬಂದು, ಕೊನೆಯದಾಗಿ ಒಮ್ಮೆ ನೋಡೋಣವೆಂದು ಕಾರಿನ ಬಾಗಿಲು ತೆರೆದರು. ಹೊಲಿಗೆ ಒಣಗಿತ್ತು. ಊತವಿರಲಿಲ್ಲ, ಕೀವಿರಲಿಲ್ಲ. ಎಂಟನೇ ದಿನ. ಕೈ ತಾನಾಗಿ ಜೇಬಿಗೆ ಹೋಯಿತು, ಸಣ್ಣ ಕತ್ತರಿ ಹೊರಬಂತು.

"ಸ್ವಲ್ಪ ಚುರ್ ಅನ್ನುತ್ತೆ, ಅಷ್ಟೇ," ಎಂದು ಸೀಟಿಗೆ ಧೈರ್ಯ ಹೇಳಿ ಅವರು ಹದಿನೇಳನ್ನೂ ಕಚಕಚನೆ ಕತ್ತರಿಸಿ ಎಳೆದರು.

ಸೀಟು ನಿಧಾನವಾಗಿ ಆಕಳಿಸಿತು. ಒಳಗಿನ ಹಳದಿ ಸ್ಪಂಜು ಮೂರು ಕಡೆಯಿಂದ ಹೊರಗೆ ಇಣುಕಿತು. ಡಾಕ್ಟರು ಕತ್ತರಿಯನ್ನು ನೋಡಿದರು, ಸ್ಪಂಜನ್ನು ನೋಡಿದರು. ತಾವು ಏನು ಮಾಡಿದ್ದೇವೆಂದು ಹೊಳೆದಾಗ ಬೆನ್ನ ಹಿಂದೆ ಮಾವ ನಿಂತಿದ್ದರು. ಹೊತ್ತಿಗೆ ಮುಂಚೆ ಬರುವುದು ಗುಮಾಸ್ತರ ಹಳೆಯ ಅಭ್ಯಾಸ.

"ಏನಾಯ್ತು ಅಳಿಯಂದ್ರೇ?"

ಡಾಕ್ಟರಿಗೆ ಸುಳ್ಳು ಹೇಳುವಷ್ಟು ಉಸಿರು ಉಳಿದಿರಲಿಲ್ಲ. ಎಲ್ಲವನ್ನೂ ಒಪ್ಪಿಕೊಂಡರು.

"ಹರಿದಿದ್ದು ಗೊತ್ತಾಯ್ತು, ಹೊಲಿದಿದ್ದೂ ಗೊತ್ತಾಯ್ತು. ಬಿಚ್ಚಿದ್ದು ಯಾಕೆ?"

"ಎಂಟು ದಿನ ಆಗಿತ್ತು ಮಾವ."

ಮಾವ ಸೀಟಿನ ಮೇಲಿದ್ದ ಒಂದು ದಾರದ ತುಣುಕನ್ನು ಎತ್ತಿ ನೋಡಿದರು. ಆಮೇಲೆ ಅವರ ಭುಜ ಅಲುಗತೊಡಗಿತು. ನಗು ತಡೆಯಲಾಗದೆ, ಹರ್ನಿಯಾ ಇದ್ದ ಕಡೆ ಎರಡೂ ಕೈಯಲ್ಲಿ ಒತ್ತಿ ಹಿಡಿದು ಮೆಟ್ಟಿಲ ಮೇಲೆ ಕೂತುಬಿಟ್ಟರು. "ಅಯ್ಯೋ, ನೋಯುತ್ತಪ್ಪಾ, ನಗಿಸಬೇಡಿ," ಎನ್ನುತ್ತಾ ಮತ್ತೆ ನಕ್ಕರು. ಒಳಗಿಂದ ಓಡಿ ಬಂದ ಮಗಳು ಸೀಟು ನೋಡಿ, ಗಂಡನ ಮುಖ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡಳು.

ಕಣ್ಣೊರೆಸಿಕೊಂಡು ಎದ್ದ ಮಾವ ಕಾರಿನೊಳಗೆ ಬಗ್ಗಿ ಸೂಜಿ ಚುಚ್ಚಿದ ತೂತುಗಳ ಮೇಲೆ ಬೆರಳಾಡಿಸಿದರು. "ಕೈ ಚೆನ್ನಾಗಿದೆ. ಅಳತೆಪಟ್ಟಿ ಇಟ್ಟು ಚುಚ್ಚಿದ ಹಾಗಿದೆ. ಸೋಮವಾರ ಬರ್ತೀನಿ, ಆಪರೇಷನ್ ನೀವೇ ಮಾಡಿ."

ಡಾಕ್ಟರು ಕತ್ತರಿಯನ್ನು ಜೇಬಿಗೆ ಹಾಕಿಕೊಂಡರು. ಇಪ್ಪತ್ತೆರಡು ವರ್ಷದಲ್ಲಿ ಮನೆಯವರ ಬಾಯಿಂದ ಈ ಮಾತು ಬಂದಿರಲಿಲ್ಲ.

ಸೋಮವಾರ ಮಾವ ಒಪ್ಪಿಗೆ ಪತ್ರವನ್ನು ಕೊಟ್ಟ ಮೇಲೆ ನರ್ಸು ಅದನ್ನು ಹಿಡಿದುಕೊಂಡು ಥಿಯೇಟರಿಗೆ ಬಂದಳು. ಸಹಿಯ ಮೇಲೆ ದುಂಡಗಿನ ಅಕ್ಷರದಲ್ಲಿ ಏನೋ ಸೇರಿಸಿದ್ದಾರೆ ಎಂದು ಎಲ್ಲರಿಗೂ ಕೇಳುವಂತೆ ಓದಿದಳು: "ಶಸ್ತ್ರಚಿಕಿತ್ಸೆಯನ್ನು ನನ್ನ ಅಳಿಯಂದಿರೇ ನಡೆಸಲು ಪೂರ್ಣ ಒಪ್ಪಿಗೆಯಿದೆ. ಆದರೆ ಹೊಲಿಗೆಗಳನ್ನು ಬಿಚ್ಚಬಹುದೋ ಇಲ್ಲವೋ ಎಂಬುದನ್ನು ನನ್ನ ಮಗಳು ಖುದ್ದಾಗಿ ಪರಿಶೀಲಿಸಿ ತೀರ್ಮಾನಿಸತಕ್ಕದ್ದು."

ಅದರ ಕೆಳಗೆ "ಓದಿ ಒಪ್ಪಿದ್ದೇನೆ" ಎಂದು ಬರೆದು, ಡಾಕ್ಟರು ಸಹಿ ಮಾಡಲು ಮಾವನೇ ಒಂದು ಗೆರೆಯನ್ನೂ ಎಳೆದಿಟ್ಟಿದ್ದರು. ಡಾಕ್ಟರು ಸಹಿ ಮಾಡಿದರು.