ತಮ್ಮ ಕಂಪನಿಯ ಹಲ್ಲು ನೋಡಬೇಕಾಗಿದೆ

ಕೋಟ್ಯಂತರ ಜನರ ಕಣ್ಣು, ಬೆರಳು ಮತ್ತು ಬಿಡುವಿನ ವೇಳೆಗೆ ಒಡೆಯರಾದ ‘ನೆಂಟರಕಟ್ಟೆ’ ಜಾಲತಾಣದ ಮಹಾ ವ್ಯವಸ್ಥಾಪಕರ ಸನ್ನಿಧಾನಕ್ಕೆ, ರಾಯದುರ್ಗದ ಕುರಿಸಂತೆಯ ದಲ್ಲಾಳಿ ದೊಡ್ಡಬೀರಪ್ಪನು ಹೆಗಲ ಮೇಲಿನ ಟವೆಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ನಡು ಬಗ್ಗಿಸಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಮ್ಮ ಕಂಪನಿಯ ಬೆಲೆ ಈಗ ಎಂಟು ಲಕ್ಷ ಕೋಟಿ ಎಂದು ಮೊನ್ನೆ ಪತ್ರಿಕೆಯಲ್ಲಿ ಓದಿ ಪರಮಾನಂದವಾಯಿತು. ಸುದ್ದಿಯನ್ನು ತೆಲುಗಿನಲ್ಲಿ ಓದಿ ಸಿಟ್ಟನ್ನು ಕನ್ನಡದಲ್ಲಿ ಮಾಡಿಕೊಳ್ಳುವ ಆಂಧ್ರದ ಗಡಿಯೂರಿನವನಾದ್ದರಿಂದ, ಎಲ್ಲಿ ಸೊನ್ನೆ ತಪ್ಪಿತೋ ಎಂದು ಎರಡೆರಡು ಸಲ ನೋಡಿದೆ. ಮೂವತ್ತೊಂದು ವರ್ಷದಿಂದ ಬೆಲೆ ಕಟ್ಟುವುದೇ ನನ್ನ ಕಸುಬು. ಟಗರಿನ ತುಟಿ ಬಿಡಿಸಿ ಹಲ್ಲು ನೋಡಿ, ಸೊಂಟದ ಮೇಲೆ ಹೆಬ್ಬೆರಳು ಒತ್ತಿ, ನಾಲ್ಕು ಹೆಜ್ಜೆ ನಡೆಸಿದರೆ ಅದರ ತೂಕವೆಷ್ಟು, ತಂದವನ ಸುಳ್ಳೆಷ್ಟು ಎಂದು ಹೇಳಬಲ್ಲೆ. ಆದ್ದರಿಂದ ತಾವು ದಯಮಾಡಿ ತಮ್ಮ ಕಂಪನಿಗೆ ಕೊರಳಿಗೊಂದು ಹಗ್ಗ ಹಾಕಿ, ಮುಂದಿನ ಸಂತೆಗೆ ಬೆಳಗಿನ ಆರು ಗಂಟೆಯೊಳಗೆ ಹಿಡಿದು ತರಬೇಕು. ನೀರು ಕುಡಿಸಿ ಹೊಟ್ಟೆ ಉಬ್ಬಿಸಿ ತಂದರೆ ನಮಗೆ ಗೊತ್ತಾಗುತ್ತದೆ.

ನಮ್ಮ ಪದ್ಧತಿ ತಮಗೆ ತಿಳಿಯದಿರಬಹುದು. ಇಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಮಾರುವವರ ಕೈಯನ್ನು ದಲ್ಲಾಳಿ ಹಿಡಿದುಕೊಂಡು ಮೇಲೊಂದು ಟವೆಲ್ ಹೊದಿಸುತ್ತಾನೆ, ಒಳಗೆ ಬೆರಳು ಒತ್ತಿ ಲೆಕ್ಕ ಹೇಳುತ್ತಾರೆ. ಇದಕ್ಕಿಂತ ಕೆಳಗೆ ಕೊಡೆನೆಂಬ ಕಟ್ಟಕಡೆಯ ಬೆಲೆ ಆ ಇಬ್ಬರಿಗಷ್ಟೇ ಗೊತ್ತು. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ದಲ್ಲಾಳಿ ಗಿರಾಕಿಗಳ ಹತ್ತಿರ ಮೇಲಿನ ಬೆಲೆಗೆ ಜಗ್ಗಾಡುತ್ತಾನೆ. ಆದರೆ ಬೆರಳಲ್ಲಿ ಹೇಳಿದ ಬೆಲೆಗೆ ಗಿರಾಕಿ ಬಂದುಬಿಟ್ಟರೆ ಮಾರುವವರು ಇಲ್ಲವೆನ್ನುವಂತಿಲ್ಲ, ಅದು ಸಂತೆಯ ಕಟ್ಟಳೆ. ಜನರ ಗುಟ್ಟು ಕಾಪಾಡುವ ಬಗ್ಗೆ ತಾವು ನಲವತ್ತು ಪುಟ ಬರೆದು ಹಾಕಿದ್ದೀರಂತೆ, ಎಂಥ ಶ್ರಮ! ನಾವು ಒಂದು ಟವೆಲಿನಲ್ಲಿ ಮುಗಿಸುತ್ತಿದ್ದೆವು.

ಎರಡು ತಿಂಗಳ ಹಿಂದೆ ಬೆಳುಗುಪ್ಪದ ಕಡೆಯ ಉಜ್ಜಿನಮ್ಮ ಆರು ಟಗರು ತಂದಳು. ಗಂಡ ಹೋದ ಮೇಲೆ ಒಬ್ಬಳೇ ಮೇಯಿಸಿ ಬೆಳೆಸಿದವು. ಮಗಳು ರೇಖಾ ರಾಯದುರ್ಗದಲ್ಲಿ ಬೇರೆಯವರ ಮಿಷನ್ನಿನ ಮೇಲೆ ಜೀನ್ಸ್ ಪ್ಯಾಂಟು ಹೊಲಿಯುತ್ತಾಳೆ, ಅವಳಿಗೆ ಸ್ವಂತದ್ದೊಂದು ಕರೆಂಟ್ ಮಿಷನ್ನು ಕೊಡಿಸಬೇಕೆಂದು ತಾಯಿಯ ಆಸೆ. ನಂಬಿ ಟವೆಲಿನೊಳಗೆ ನನಗೆ ಕೈ ಕೊಟ್ಟಳು. ಮಾವನ ಕಸುಬನ್ನು ಲೋಕ ನೋಡಲಿ ಎಂಬ ಅಭಿಮಾನದಿಂದ ನನ್ನ ಸೊಸೆ ಮಂಜುಳ ನಮ್ಮ ಕಾಲ ಬಳಿ ಕುಕ್ಕರಗಾಲಲ್ಲಿ ಕೂತು ವಿಡಿಯೋ ತೆಗೆದು ತಮ್ಮ ಕಟ್ಟೆಗೆ ಹಾಕಿದಳು. ಟವೆಲ್ ಮೇಲಿಂದ ಮುಚ್ಚಿತ್ತು. ಕೆಳಗಿಂದಲೂ ನೋಡುವವರು ಇರುತ್ತಾರೆಂದು ಇಷ್ಟು ವರ್ಷ ನಮಗ್ಯಾರಿಗೂ ಹೊಳೆದಿರಲಿಲ್ಲ.

ನಾನು ಟೀ ಕುಡಿದು ಗಿರಾಕಿಗಳ ಹತ್ತಿರ ಹೋಗುವ ಹೊತ್ತಿಗೆ ಐದು ಜನ ಐದು ಕಡೆ ಫೋನು ಹಿಡಿದು ನಿಂತು ಉಜ್ಜಿನಮ್ಮನ ಕಟ್ಟಕಡೆಯ ಬೆಲೆಯನ್ನೇ ಹೇಳಿದರು. ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಅವಳು ಕಟ್ಟಳೆ ಮೀರದೆ ಅಷ್ಟಕ್ಕೇ ಕೊಟ್ಟಳು. ಮಿಷನ್ನಿಗೆ ಆ ದುಡ್ಡು ಸಾಲಲಿಲ್ಲ. ವಿಡಿಯೋಗೆ ಬಿದ್ದ ಹೃದಯಗಳಿಗೇನೂ ಕೊರತೆಯಿರಲಿಲ್ಲ, ಆದರೆ ಮಿಷನ್ನಿನ ಅಂಗಡಿಯವನು ಹೃದಯಗಳನ್ನು ಚಿಲ್ಲರೆ ಲೆಕ್ಕಕ್ಕೂ ತೆಗೆದುಕೊಳ್ಳುವುದಿಲ್ಲವಂತೆ. ಎಂಟು ಲಕ್ಷ ಕೋಟಿಯಲ್ಲಿ ಉಜ್ಜಿನಮ್ಮನ ಐದು ಬೆರಳಿನ ಪಾಲೆಷ್ಟೆಂದು ತಮ್ಮ ಗುಮಾಸ್ತರಿಂದ ದಯವಿಟ್ಟು ತಿಳಿಸಿ. ಅದು ಕಷ್ಟವಾದರೆ, ಇದುವರೆಗೆ ನೋಡಿದ ಒಂದು ಲಕ್ಷ ನಲವತ್ತು ಸಾವಿರ ಜನರ ಕಣ್ಣೊಳಗಿಂದ ಆ ಬೆರಳುಗಳನ್ನು ಹೆಕ್ಕಿ ತೆಗೆದು, ತೊಳೆದು, ರಿಜಿಸ್ಟರ್ಡ್ ಅಂಚೆಯಲ್ಲಿ ಅವಳಿಗೆ ವಾಪಸು ಕಳಿಸಿದರೂ ಸಾಕು.

ಹೋದ ವಾರ ಉಜ್ಜಿನಮ್ಮ ಎರಡು ಕುರಿ ಹಿಡಿದುಕೊಂಡು ಬಂದಿದ್ದಳು. ನಾನು ಕೈ ಚಾಚಿದೆ. ಅವಳು ತನ್ನ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು, “ನನ್ನ ಕೈ ನನ್ನತ್ರನ ಇರ್ಲಿ ಬಿಡಣ್ಣ, ಬಾಯಾಗ ಕೂಗಿ ಮಾರ್ಕೊಂತೀನಿ” ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಸಂತೆ ಮುಗಿಯುವ ತನಕ ಅವಳ ದನಿ ಕೇಳುತ್ತಾ ಕೂತಿದ್ದೆ, ಬಹಳ ನಾಚಿಕೆಯಾಯಿತು.

ತಮ್ಮ ಕಂಪನಿಯ ಬೆಲೆ ದಿನೇ ದಿನೇ ಏರಲೆಂದು ಹಾರೈಸುವ,

ತಮ್ಮ ವಿಶ್ವಾಸಿ (ನಮ್ಮ ಸಂತೆಯಲ್ಲಿ ಈಗ ಈ ಮಾತನ್ನು ಯಾರೂ ಒಪ್ಪುವುದಿಲ್ಲ),
ದೊಡ್ಡಬೀರಪ್ಪ

ತಾಜಾ ಕಲಂ: ತಮ್ಮ ಕಂಪನಿಗೆ ಅಷ್ಟು ಬೆಲೆ ಯಾಕೆಂದು ಕೇಳುವವರಿದ್ದರೆ ನನ್ನ ಹತ್ತಿರ ಕಳಿಸಿ. ಅವತ್ತು ನಾನು ಟೀ ಕುಡಿಯುತ್ತಿದ್ದಾಗಲೇ ಮಂಜುಳ ಗಾಬರಿಯಾಗಿ ಬಂದು, “ಮಾವಾ, ಬೆರಳು ಕಾಣಕತ್ಯಾವ್ರಿ, ತೆಗೀಲೇನ್ರಿ?” ಎಂದು ಕೇಳಿದ್ದಳು. ಆಗ ಒಂಬೈನೂರ ಎಂಬತ್ತು ಹೃದಯ ಬಿದ್ದಿದ್ದವು. ಸಾವಿರ ಆಗಲಿ, ಆಮೇಲೆ ತೆಗೆ ಎಂದವನು ನಾನು. ಅವಳು ತೆಗೆಯುವಷ್ಟರಲ್ಲಿ ಯಾರ್ಯಾರೋ ಎತ್ತಿ ಹಂಚಿಯಾಗಿತ್ತು. ಉಜ್ಜಿನಮ್ಮನಿಗೆ ಇದು ತಿಳಿಯದು, ಇವತ್ತಿಗೂ ಮಂಜುಳಳ ಮೇಲೇ ಸಿಟ್ಟು. ಎದುರಿಗೆ ನಿಂತು ಹೇಳಲು ನನಗೆ ಧೈರ್ಯವಾಗಲಿಲ್ಲ, ಅದಕ್ಕೇ ಈ ಪತ್ರವನ್ನು ತಮ್ಮ ಕಟ್ಟೆಯ ಮೇಲೇ ಹಾಕಿಸುತ್ತಿದ್ದೇನೆ. ತಾವು ಓದದಿದ್ದರೂ ಚಿಂತೆಯಿಲ್ಲ, ರೇಖಾ ತನ್ನ ತಾಯಿಗೆ ಓದಿ ಹೇಳಿದರೆ ಸಾಕು.