ಎಡಕ್ಕೆ ಸಿಗುವ ಸುಬೇದಾರರು

ಅರ್ಧ ಪುಟ ಖಾಲಿ ಉಳಿಯದೇ ಹೋಗಿದ್ದರೆ ಮುನಿಆಂಜನಪ್ಪನ ಗ್ರಹಚಾರ ಅಷ್ಟು ಕೆಡುತ್ತಿರಲಿಲ್ಲ.

ಅವನು ರಸೆಲ್ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿದ್ದ ತಿರುವೇಂಗಡ ಮೊದಲಿಯಾರರ ಟೈರಿನಂಗಡಿಯಲ್ಲಿ ಗುಮಾಸ್ತ. ಯುದ್ಧ ಆಗತಾನೆ ಮುಗಿದಿತ್ತು. ಪೆಟ್ರೋಲು ಅಷ್ಟಿಷ್ಟು ಸಿಗತೊಡಗಿ, ಕಂಟೋನ್ಮೆಂಟಿನ ಬಂಗಲೆಗಳಲ್ಲಿ ಗೋಣಿತಾಟು ಹೊದ್ದು ಮಲಗಿದ್ದ ಕಾರುಗಳೆಲ್ಲ ಮೈಮುರಿದು ಏಳುತ್ತಿದ್ದವು. ಇದನ್ನು ಕಂಡು ಮೊದಲಿಯಾರರಿಗೆ ಒಂದು ಯೋಚನೆ ಹೊಳೆಯಿತು. ಜನ ಊರು ಸುತ್ತಿದರೆ ಟೈರು ಸವೆಯುತ್ತದೆ, ಟೈರು ಸವೆದರೆ ಅಂಗಡಿಗೆ ಬರುತ್ತಾರೆ. ಆದ್ದರಿಂದ ಜನರಿಗೆ ಊರು ಸುತ್ತುವ ಚಟ ಹತ್ತಿಸಬೇಕು. ಹೀಗೆ ಹುಟ್ಟಿದ್ದು ‘ಮೋಟಾರು ಪ್ರವಾಸಿಯ ಕೈದೀಪ’ ಎಂಬ ಪುಸ್ತಕ. ಯಾವ ರಸ್ತೆಯಲ್ಲಿ ಎಲ್ಲಿ ತಿರುಗಬೇಕು, ಎಲ್ಲಿ ಸಿಹಿನೀರಿನ ಬಾವಿ, ಎಲ್ಲಿ ಪಂಕ್ಚರ್ ಹಾಕುವವನು, ಎಲ್ಲಿ ಊಟ, ಎಲ್ಲವೂ ನಕಾಶೆ ಸಮೇತ.

ಹಳೇ ಮದರಾಸು ರಸ್ತೆಯ ಭಾಗ ಮುನಿಆಂಜನಪ್ಪನ ಪಾಲಿಗೆ ಬಂತು. “ಬಸ್ಸಲ್ಲಿ ಕೋಲಾರದ ತನಕ ಹೋಗಿ ಕಣ್ಣಾರೆ ನೋಡಿ ಬರ್ಕೊಂಡ್ ಬಾ” ಎಂದು ಮೊದಲಿಯಾರರು ಕಳಿಸಿದರು. ಅವನು ಹಲಸೂರಿನ ಬಸ್ಸು ನಿಲ್ಲುವ ಜಾಗದವರೆಗೆ ಪ್ರಾಮಾಣಿಕವಾಗಿಯೇ ಹೋದ. ಅಲ್ಲಿ ಇದ್ದಿಲಿನ ಗ್ಯಾಸಿನಿಂದ ಓಡುವ ಬಸ್ಸು ಕೆಮ್ಮುತ್ತ ನಿಂತಿತ್ತು. ಒಳಗೆ ಜನ, ಮೇಲೆ ಜನ, ಹಿಂದಿನ ಏಣಿಯ ಮೇಲೆ ಎರಡು ಆಡು. ಮುನಿಆಂಜನಪ್ಪ ಒಮ್ಮೆ ಬಸ್ಸನ್ನು ನೋಡಿದ, ಒಮ್ಮೆ ಪಕ್ಕದ ಹೊಂಗೆಮರದ ನೆರಳನ್ನು ನೋಡಿದ. ನೆರಳೇ ಗೆದ್ದಿತು. ಕೋಲಾರದಿಂದ ಬಂದಿಳಿದ ಒಬ್ಬ ಮುದುಕನನ್ನು ಕೂರಿಸಿಕೊಂಡು, ಬೀಡಿ ಕೊಟ್ಟು, ದಾರಿಯನ್ನೆಲ್ಲ ಕೇಳಿ ಬರೆದುಕೊಂಡ. ಮುದುಕ ಎಲ್ಲವನ್ನೂ ಚೆನ್ನಾಗಿಯೇ ಹೇಳಿದ. ಆದರೆ ಹೊಸಕೋಟೆ ದಾಟಿದ ಮೇಲೆ ಅವನಿಗೆ ನಿದ್ದೆ ಹತ್ತಿಬಿಟ್ಟಿತ್ತು, ಎಚ್ಚರವಾದದ್ದು ಕೃಷ್ಣರಾಜಪುರದಲ್ಲಿ. ನಡುವಿನ ಅರ್ಧ ಪುಟ ಬೆಳ್ಳಗೆ ಉಳಿಯಿತು.

ಖಾಲಿ ಪುಟ ಕಂಡರೆ ಮೊದಲಿಯಾರರು ಉರಿದುಬೀಳುವರು. ಮುನಿಆಂಜನಪ್ಪನಿಗೆ ಆ ಹೊತ್ತಿಗೆ ಹಸಿವು ಬೇರೆ. ಅವನು ಪೆನ್ಸಿಲು ಹಿಡಿದು ಬರೆದ: ‘ಇಲ್ಲಿ ರಸ್ತೆಯ ಎಡಕ್ಕೆ, ಬೇವಿನಮರದ ಕೆಳಗೆ, ಸುಬೇದಾರ್ ಹೋಟೆಲು. ನಾಟಿಕೋಳಿ ಸಾರು, ಬಿಸಿ ಮುದ್ದೆ. ಯಜಮಾನರಾದ ಸುಬೇದಾರರು ಬರ್ಮಾ ಯುದ್ಧದಿಂದ ಮರಳಿದವರು. ಗಿರಿಜಾ ಮೀಸೆಯ ಗಂಭೀರ ಪುರುಷರು. ಪ್ರವಾಸಿಗಳಿಗೆ ಯುದ್ಧದ ಕತೆಗಳನ್ನು ಬಿಚ್ಚುಮನಸ್ಸಿನಿಂದ ಹೇಳುತ್ತಾರೆ.’

ಬರೆದು ಮುಗಿಸಿ ಮನೆಗೆ ಹೋಗಿ, ಹೆಂಡತಿ ಗೋವಿಂದಮ್ಮ ಬಡಿಸಿದ ಹುರುಳಿ ಸಾರು ಉಂಡು ಮಲಗಿದ. ಪುಸ್ತಕ ಅಚ್ಚಾಯಿತು. ಕೆಲವು ತಿಂಗಳು ಸುಖವಾಗಿ ಕಳೆದವು.

ಆಮೇಲೆ ಒಂದು ಬೆಳಿಗ್ಗೆ, ಮುನಿಆಂಜನಪ್ಪ ಗೋದಾಮಿನಲ್ಲಿ ಟೈರು ಎಣಿಸುತ್ತಿರುವಾಗ, ಅಂಗಡಿಯಲ್ಲಿ ಗುಡುಗಿದಂತೆ ದನಿ ಕೇಳಿಸಿತು.

“ಏನ್ರೀ ಮೊದಲಿಯಾರ್, ನಿಮ್ಮ ಪುಸ್ತಕ ಸುಳ್ಳು ಹೇಳುತ್ತೆ!”

ಬೆನ್ಸನ್ ಟೌನಿನ ಕ್ಯಾಪ್ಟನ್ ಮುದ್ದಯ್ಯನವರು. ಕೊಡಗಿನವರು, ಬರ್ಮಾದಲ್ಲಿ ಕಾಲಿಗೆ ಗುಂಡು ತಿಂದು ಬಂದವರು. ಮೋಟಾರು ಸಂಘದ ಕಾರ್ಯದರ್ಶಿ. ಸಂಘದ ಸದಸ್ಯರಿಗೆಲ್ಲ ‘ಕೈದೀಪ’ವನ್ನು ಕೊಳ್ಳುವ ಮಾತು ಅವರ ಜೊತೆಗೇ ನಡೆಯುತ್ತಿತ್ತು.

“ಆ ಸುಬೇದಾರ್ ಹೋಟೆಲಿಗೆ ಹೋಗಿದ್ದೆ” ಎಂದರು ಕ್ಯಾಪ್ಟನ್.

ಟೈರುಗಳ ಹಿಂದೆ ಮುನಿಆಂಜನಪ್ಪ ಎಣಿಕೆ ನಿಲ್ಲಿಸಿದ. ಮುಗಿಯಿತು ಕತೆ ಎಂದುಕೊಂಡ.

“ಕೋಳಿ ಸಾರು ಬಹಳ ಚೆನ್ನಾಗಿತ್ತು” ಎಂದು ಮುಂದುವರಿಸಿದರು ಕ್ಯಾಪ್ಟನ್.

ಮುನಿಆಂಜನಪ್ಪ ಅಲ್ಲೇ ಒಂದು ಟೈರಿನೊಳಕ್ಕೆ ಕುಸಿದು ಕೂತ. ತಾನು ಹೊಂಗೆಮರದ ಕೆಳಗೆ ಕೂತು ಕಟ್ಟಿದ ಸುಳ್ಳಿನೊಳಗೆ ಈ ಮನುಷ್ಯ ಹೋಗಿ ಊಟ ಮಾಡಿಕೊಂಡು ಬಂದಿದ್ದಾನೆ!

“ಆದ್ರೆ ಸುಬೇದಾರರೇ ಇಲ್ಲ! ಹೋದಾಗೆಲ್ಲ ಆ ಹೆಂಗಸು, ಸಂತೆಗೆ ಹೋಗವ್ರೆ ಅಂತಾಳೆ. ಬರ್ಮಾದಲ್ಲಿ ನಮ್ಮ ಜೊತೆ ಇದ್ದೋರೋ ಏನೋ, ನೋಡಬೇಕು ಅಂತ ನನಗೆ ಆಸೆ. ಇವತ್ತು ಮಧ್ಯಾಹ್ನ ಮತ್ತೆ ಹೋಗ್ತೀನಿ. ಇವತ್ತೂ ಇಲ್ದಿದ್ರೆ, ನಿಮ್ಮ ಪುಸ್ತಕ ಒಂದೂ ಬೇಡ ನಮಗೆ. ಉಳಿದಿದ್ದೂ ಎಷ್ಟು ನಿಜವೋ ಯಾರಿಗ್ಗೊತ್ತು!”

ಕ್ಯಾಪ್ಟನ್ ಕೋಲೂರಿಕೊಂಡು ಹೊರಟುಹೋದರು. ಮೊದಲಿಯಾರರು ಗೋದಾಮಿಗೆ ಬಂದು ಟೈರಿನಲ್ಲಿ ಸಿಕ್ಕಿಕೊಂಡಿದ್ದ ಗುಮಾಸ್ತನನ್ನು ಎಳೆದು ನಿಲ್ಲಿಸಿದರು.

“ಆ ಸುಬೇದಾರ್‌ನ ನೀನು ಕಣ್ಣಾರೆ ನೋಡಿದ್ಯಲ್ಲಪ್ಪಾ?”

“ನೋಡ್ದೆ... ನೋಡ್ದಂಗೇ ಸಾರ್.”

“ಹಂಗಾದ್ರೆ ಕಾರು ಹತ್ತು. ಕ್ಯಾಪ್ಟನ್ ಬರೋದ್ರೊಳಗೆ ಅವನು ಎಲ್ಲಿದ್ರೂ ಹಿಡಿದು ತಂದು ಕೂರಿಸ್ಬೇಕು. ಇಲ್ದಿದ್ರೆ ನಾಳೆಯಿಂದ ಅಂಗಡಿ ಕಡೆ ತಲೆ ಹಾಕ್ಬೇಡ.”

ಡ್ರೈವರ್ ಖುರ್ಷೀದ್ ಕಾರು ತೆಗೆದ. ಮೊದಲಿಯಾರರು ಹಿಂದೆ ಕೂತರು, ಮುನಿಆಂಜನಪ್ಪ ಪುಸ್ತಕ ಹಿಡಿದು ಮುಂದೆ ಕೂತ. ಹಲಸೂರಿನ ಬೀದಿಗೆ ಬರುತ್ತಿದ್ದಂತೆ ರಸ್ತೆಯ ನಟ್ಟನಡುವೆ ಹಲಸಿನಹಣ್ಣೊಂದನ್ನು ಕಂಕುಳಲ್ಲಿಟ್ಟುಕೊಂಡು ಒಬ್ಬಳು ಹೆಂಗಸು ನಿಂತಿದ್ದಳು. ಮುನಿಆಂಜನಪ್ಪನ ಪಕ್ಕದ ಮನೆಯ ಮಾರಕ್ಕ. ಬೀದಿಯ ಸುದ್ದಿಯೆಲ್ಲ ನಲ್ಲಿಯ ನೀರಿಗಿಂತ ಮೊದಲು ಅವಳ ಬಾಯಲ್ಲೇ ಬರುತ್ತಿತ್ತು.

“ಅಯ್ಯೋ ಆಂಜನಪ್ಪಾ, ಕಾರಲ್ಲಿ ಎತ್ಲಾಗೆ? ಹೊಸಕೋಟೆ ಕಡೆಗಾ? ನನ್ ಮಗಳ ಮನೆ ಅಲ್ಲೇ ಅಲ್ವೇನಪ್ಪಾ!” ಎನ್ನುತ್ತ, ಯಾರೂ ಹೂಂ ಅನ್ನುವ ಮೊದಲೇ ಬಾಗಿಲು ತೆಗೆದು ಮೊದಲಿಯಾರರ ಪಕ್ಕ ಕೂತು, ಹಣ್ಣನ್ನು ಇಬ್ಬರ ನಡುವೆ ಮಗುವಿನಂತೆ ಮಲಗಿಸಿದಳು. ಹಲಸಿನ ಮುಳ್ಳು ಮೊದಲಿಯಾರರ ಬಿಳಿ ಷರಾಯಿಯ ಮೂಲಕ ತನ್ನ ಪರಿಚಯ ಹೇಳಿಕೊಂಡಿತು.

ಬಿನ್ನಮಂಗಲ ದಾಟಿ ಹೊಲಗಳ ನಡುವೆ ಕಾರು ಓಡಿತು. ದಾರಿಯುದ್ದಕ್ಕೂ ಮೊದಲಿಯಾರರು ತಮ್ಮ ಪುಸ್ತಕದ ಅಂದ ನೋಡಬಯಸಿದರು.

“ಓದಪ್ಪಾ, ಮುಂದೇನು?”

“ಬಲಕ್ಕೆ ಸಿಹಿನೀರಿನ ಬಾವಿ ಸಾರ್.”

ಬಲಕ್ಕೆ ಸ್ಮಶಾನವಿತ್ತು. ಬಾವಿ ಎಡಕ್ಕಿತ್ತು.

“ಆಮೇಲೆ?”

“ಎಡಕ್ಕೆ... ಪಂಕ್ಚರ್ ಹಾಕೋನು.”

ಪಂಕ್ಚರಿನವನು ಬಲಗಡೆಯಿಂದ ಅವರಿಗೆ ಸಲಾಮು ಹೊಡೆದ. ಮೊದಲಿಯಾರರ ಹುಬ್ಬು ಗಂಟಿಕ್ಕತೊಡಗಿತು. ಕೃಷ್ಣರಾಜಪುರದ ಕೆರೆಯ ಹತ್ತಿರ ದಾರಿ ಕವಲಾಯಿತು.

“ಬಲಕ್ಕೆ ಹಿಡಿಯಿರಿ ಅಂತ ಇದೆ ಸಾರ್” ಎಂದ ಮುನಿಆಂಜನಪ್ಪ ಸಣ್ಣ ದನಿಯಲ್ಲಿ.

“ಸಾಬ್, ರಸ್ತೆ ಎಡಕ್ಕೆ ಕಾಣ್ತದೆ. ಬಲಕ್ಕೆ ಎಮ್ಮೆ ಕಾಣ್ತದೆ” ಎಂದ ಖುರ್ಷೀದ್.

ಮೊದಲಿಯಾರರಿಗೆ ರೇಗಿತು. “ನನ್ ಪುಸ್ತಕ ನನಗೇ ಸುಳ್ಳು ಹೇಳುತ್ತಾ? ಹೊಡಿ ಬಲಕ್ಕೆ!”

ಖುರ್ಷೀದ್ ಅಲ್ಲಾಹನನ್ನು ನೆನೆದು ಬಲಕ್ಕೆ ಹೊಡೆದ. ಕಾರು ಇಳಿಜಾರಿನಲ್ಲಿ ಜುಯ್ಯೆಂದು ಇಳಿದು, ಎಮ್ಮೆಗಳ ನಡುವೆ ಎಮ್ಮೆಯಾಗಿ, ಕೆರೆಯ ಕೆಸರಿನಲ್ಲಿ ಹೊಟ್ಟೆಯೂರಿ ಕೂತಿತು. ಮಾರಕ್ಕ ಹಲಸಿನಹಣ್ಣನ್ನು ತಬ್ಬಿಕೊಂಡು, “ನೀರಿಗೂ ಹೋಗ್ತದಾ ಈ ಕಾರು? ಚೆನ್ನಾಗೈತೆ!” ಎಂದಳು.

ಹೊಲ ಉಳುತ್ತಿದ್ದವನೊಬ್ಬ ಎತ್ತು ಕಟ್ಟಿ ಕಾರನ್ನು ಎಳೆದ. ಹಿಂದಿನಿಂದ ಮೊದಲಿಯಾರರೂ ಗುಮಾಸ್ತನೂ ನೂಕಿದರು. ಚಕ್ರ ತಿರುಗಿ ಚಿಮ್ಮಿಸಿದ ಕೆಸರಿನಲ್ಲಿ ಮೊದಲಿಯಾರರ ಬಿಳಿ ಕೋಟು ಯಾವ ಬಣ್ಣದ್ದೆಂದು ಹೇಳುವಂತಿರಲಿಲ್ಲ.

“ಇದೇನೋ ಇದು?” ಎಂದರು ಅವರು, ಮೀಸೆಯ ಕೆಸರು ಒರೆಸಿಕೊಳ್ಳುತ್ತ.

“ಸಾರ್, ಈ ಪುಸ್ತಕ... ಕೋಲಾರದಿಂದ ಬರೋರಿಗೆ ಸಾರ್.”

“ಮತ್ತೆ ಹೋಗೋರು?”

“ತಿರುವಿ ಹಿಡ್ಕೊಂಡು ಓದ್ಕೋಬೇಕು ಸಾರ್.”

ಮೊದಲಿಯಾರರು ಪುಸ್ತಕವನ್ನು ಕಿತ್ತುಕೊಂಡು ಒಮ್ಮೆ ತಲೆಕೆಳಗಾಗಿ ಹಿಡಿದು ನೋಡಿದರು. ಪುಣ್ಯಕ್ಕೆ ಹೊತ್ತಾಗಿತ್ತು, ಎಲ್ಲರೂ ಹತ್ತಿ ಕೂತರು.

ಕೃಷ್ಣರಾಜಪುರ ದಾಟಿ ಸ್ವಲ್ಪ ದೂರ ಹೋದ ಮೇಲೆ ರಸ್ತೆಯ ಎಡಕ್ಕೆ ಬೇವಿನಮರ ಕಂಡಿತು. ಅದರ ಕೆಳಗೆ ಒಂದು ಹೆಂಚಿನ ಮನೆ. ಗೋಡೆಯ ಮೇಲೆ ಸುಣ್ಣದಲ್ಲಿ ಬರೆದಿತ್ತು: ಸುಬೇದಾರ್ ಹೋಟೆಲು. ಕೋಳಿ ಸಾರಿನ ಘಮ ರಸ್ತೆಗೇ ಬಂದು ಎದುರುಗೊಂಡಿತು. ಇಡೀ ದಾರಿಯಲ್ಲಿ ಎಡ ಎಂದದ್ದು ಎಡಕ್ಕೇ ಸಿಕ್ಕಿದ್ದು ಮುನಿಆಂಜನಪ್ಪ ಹಸಿವಿನಲ್ಲಿ ಕಟ್ಟಿದ ಆ ಸುಳ್ಳೊಂದೇ. ಅವನು ಗೋಡೆಯನ್ನು ಮುಟ್ಟಿ ಮುಟ್ಟಿ ನೋಡಿದ. ಗಟ್ಟಿಯಾಗಿಯೇ ಇತ್ತು.

ಒಳಗಿನಿಂದ ಸೌಟು ಹಿಡಿದು ದಪ್ಪನೆಯ ಹೆಂಗಸೊಬ್ಬಳು ಬಂದಳು. ಚಿಕ್ಕಮುನಿಯಮ್ಮ. ಮೊದಲಿಯಾರರು ತಾವು ಪುಸ್ತಕದ ಮಾಲೀಕರು ಎಂದು ಹೇಳಿದ್ದೇ ತಡ, ಸೌಟು ಅವರ ಮೂಗಿನವರೆಗೆ ಬಂತು.

“ನೀವೇನಾ ಅದು! ಸ್ವಾಮಿ, ನಾನು ಗಂಡ ಸತ್ತೋಳು, ಎಮ್ಮೆ ಕಟ್ಕೊಂಡು ನನ್ ಪಾಡಿಗೆ ನಾನಿದ್ದೆ. ಒಂದಿನ ಕಾರ್‌ನೋರು ಬಂದು, ಸುಬೇದಾರ್ ಹೋಟ್ಲು ಇದೇನಾ ಅಂದ್ರು. ಪೊರಕೆ ತೋರ್ಸಿ ಕಳಿಸ್ದೆ. ಮಾರನೇ ದಿನ ಇನ್ನೊಂದು ಕಾರು. ಅದ್ರ ಮಾರನೇ ದಿನ ಎರಡು. ಎಲ್ರ ಕೈಲೂ ಅದೇ ಪುಸ್ತಕ, ಎಲ್ರಿಗೂ ಕೋಳಿ ಸಾರು ಬೇಕು. ಎಷ್ಟು ದಿನ ಅಂತ ಪೊರಕೆ ಹಿಡಿಯೋದು? ಒಂದು ಕೋಳಿ ಕುಯ್ದೆ. ಹೋಟ್ಲು ಆಗೋಯ್ತು.”

“ಒಳ್ಳೇದೇ ಆಯ್ತಲ್ಲಮ್ಮಾ” ಎಂದರು ಮೊದಲಿಯಾರರು ಕಕ್ಕಾಬಿಕ್ಕಿಯಾಗಿ.

“ಕೋಳಿ ಹೆಂಗೋ ಸಿಕ್ತದೆ ಸ್ವಾಮಿ, ಸುಬೇದಾರ್‌ನ ಎಲ್ಲಿಂದ ತರ್ಲಿ? ಉಂಡೋರೆಲ್ಲ ಕೈ ತೊಳ್ಕೊಂಡು, ಎಲ್ಲಮ್ಮಾ ನಿಮ್ ಯಜಮಾನ್ರು ಅಂತಾರೆ! ಸಂತೆಗೆ ಹೋಗವ್ರೆ, ಮದ್ವೆಗೆ ಹೋಗವ್ರೆ ಅಂತ ಹೇಳಿ ಹೇಳಿ ನಾಲಿಗೆ ಬಿದ್ದೋಯ್ತು. ಇಲ್ದೇ ಇರೋ ಗಂಡನ್ನ ಬರ್ದು ನನ್ ತಲೆಗೆ ಕಟ್ದೋನು ಯಾವನು?”

ಮೊದಲಿಯಾರರು ನಿಧಾನವಾಗಿ ಗುಮಾಸ್ತನ ಕಡೆ ತಿರುಗಿದರು. ಮುನಿಆಂಜನಪ್ಪ ಬೇವಿನಮರದ ಹಿಂದೆ ಸರಿಯಲು ನೋಡಿದ, ಮರ ಸಣ್ಣದಿತ್ತು. ಹೊಂಗೆಯ ನೆರಳು, ಮುದುಕ, ಬೀಡಿ, ನಿದ್ದೆ, ಅರ್ಧ ಪುಟ, ಎಲ್ಲವನ್ನೂ ಅವನು ಒಂದೇ ಉಸಿರಿಗೆ ಒಪ್ಪಿಕೊಂಡುಬಿಟ್ಟ.

“ನಿನ್ ಕೆಲಸ ಹೋಯ್ತು” ಎಂದರು ಮೊದಲಿಯಾರರು.

ಅಷ್ಟರಲ್ಲಿ ದೂರದಲ್ಲಿ ಹಾರನ್ ಕೇಳಿಸಿತು. ಕ್ಯಾಪ್ಟನ್ನರ ಹಸಿರು ಕಾರು ಧೂಳೆಬ್ಬಿಸಿಕೊಂಡು ಬರುತ್ತಿತ್ತು.

ಮೊದಲಿಯಾರರು ರಸ್ತೆ ನೋಡಿದರು, ಚಿಕ್ಕಮುನಿಯಮ್ಮನನ್ನು ನೋಡಿದರು, ಕೊನೆಗೆ ಅವರ ಕಣ್ಣು ಮುನಿಆಂಜನಪ್ಪನ ಮುಖದ ಮೇಲೆ ನೆಟ್ಟಿತು. ಇಷ್ಟು ವರ್ಷ ದಿನಾ ನೋಡಿದ ಮುಖ. ಅದರ ಮೇಲೆ ಎರಡೂ ಕಡೆ ಕೆನ್ನೆಯವರೆಗೆ ಏರಿ ಸುರುಳಿ ಸುತ್ತಿದ್ದ ಮೀಸೆಯನ್ನು ಅವರು ಈಗಲೇ ಸರಿಯಾಗಿ ಕಂಡದ್ದು. ಪುಸ್ತಕ ಬರೆಯುವಾಗ ಮುನಿಆಂಜನಪ್ಪನಿಗೆ ಬೇರೆ ಮೀಸೆ ಹೊಳೆದಿರಲಿಲ್ಲ.

“ಅಮ್ಮಾ, ಒಂದು ರುಮಾಲು ಕೊಡಿ!” ಎಂದರು ಮೊದಲಿಯಾರರು.

ಚಿಕ್ಕಮುನಿಯಮ್ಮನಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಸತ್ತ ಗಂಡನ ಕೆಂಪು ರುಮಾಲು ಮುನಿಆಂಜನಪ್ಪನ ತಲೆಯೇರಿತು. ಖುರ್ಷೀದ್ ಅವನನ್ನು ಹಗ್ಗದ ಮಂಚದ ಮೇಲೆ ಒತ್ತಿ ಕೂರಿಸಿದ. ಮಾರಕ್ಕ ಜಗುಲಿಯ ಕಂಬಕ್ಕೊರಗಿ, ಹಲಸಿನಹಣ್ಣು ತೊಡೆಯ ಮೇಲಿಟ್ಟುಕೊಂಡು, ನಾಟಕಕ್ಕೆ ಮುಂದಿನ ಸಾಲಿನಲ್ಲಿ ಜಾಗ ಹಿಡಿದವಳಂತೆ ಕೂತಳು.

ಕ್ಯಾಪ್ಟನ್ ಇಳಿದು ಬಂದರು. ಗೋದಾಮು ಬಿಟ್ಟು ಮುಂದೆ ಬಾರದ ಗುಮಾಸ್ತನನ್ನು ಅವರು ಎಂದೂ ನೋಡಿರಲಿಲ್ಲ.

“ನಮ್ ಯಜಮಾನ್ರು ಬಂದವ್ರೆ ಸ್ವಾಮಿ” ಎಂದಳು ಚಿಕ್ಕಮುನಿಯಮ್ಮ, ಸೆರಗು ಹೊದ್ದು. ಮಾರಕ್ಕನ ಬಾಯಿ ತೆರೆದದ್ದು ಹಾಗೇ ಉಳಿಯಿತು.

ಕ್ಯಾಪ್ಟನ್ ಮಂಚದ ಮೇಲೆ ಪಕ್ಕದಲ್ಲೇ ಕೂತು, ಮೀಸೆಯನ್ನು ದಿಟ್ಟಿಸಿ ನೋಡಿದರು. “ಸುಬೇದಾರ್ ಸಾಹೇಬ್ರೇ, ಬರ್ಮಾದಲ್ಲಿ ಎಲ್ಲಿದ್ರಿ?”

“ನದಿ ಹತ್ರ ಸಾರ್.”

“ಐರಾವತಿ?”

“ಅದೇ ಸಾರ್.”

“ನದಿಯ ಯಾವ ಕಡೆ?”

ಎಡವೋ ಬಲವೋ ಎಂಬ ಪ್ರಶ್ನೆ ಇವತ್ತು ಮುನಿಆಂಜನಪ್ಪನ ಬೆನ್ನು ಬಿಡುವ ಹಾಗೆ ಕಾಣಲಿಲ್ಲ. ಗೊತ್ತಿದ್ದದ್ದನ್ನು ಹೇಳಿದ. “ಹೋಗ್ತಾ ಎಡಕ್ಕೆ ಸಾರ್. ಬರ್ತಾ ಬಲಕ್ಕೆ.”

ಕ್ಯಾಪ್ಟನ್ನರ ಕಣ್ಣು ತುಂಬಿ ಬಂತು. ಮುನಿಆಂಜನಪ್ಪನ ಭುಜವನ್ನು ಗಟ್ಟಿಯಾಗಿ ಹಿಡಿದರು.

“ಕೇಳಿದ್ರಾ ಮೊದಲಿಯಾರ್? ಅಲ್ಲಿಂದ ನಡ್ಕೊಂಡು ವಾಪಸ್ ಬಂದೋನು ಮಾತ್ರ ಹೀಗೆ ಹೇಳಬಲ್ಲ! ಪುಸ್ತಕ ಓದಿ ಹೇಳೋ ಮಾತಲ್ಲ ಇದು!”

ಅಲ್ಲಿಂದ ಮುಂದೆ ಮುನಿಆಂಜನಪ್ಪನಿಗೆ ಧೈರ್ಯ ಬಂತು. ಕೃಷ್ಣರಾಜಪುರದ ಕೆರೆಯ ಕೆಸರನ್ನು ಬರ್ಮಾದ ಕಾಡಿಗೆ ಸಾಗಿಸಿ, ಎಮ್ಮೆಗಳನ್ನು ಜಪಾನಿಯರನ್ನಾಗಿ ಮಾಡಿ, ಲಾರಿ ಹೂತುಹೋದದ್ದು, ಎತ್ತು ಕಟ್ಟಿ ಎಳೆದದ್ದು ಎಲ್ಲವನ್ನೂ ಹೇಳಿದ. ಬಟ್ಟೆಯ ಮೇಲಿನ್ನೂ ಹಸಿ ಕೆಸರು ಇದ್ದದ್ದರಿಂದ ಮಾತಿಗೆ ಬಹಳ ಕಳೆ ಬಂತು. ಕ್ಯಾಪ್ಟನ್ ಎರಡು ಸಲ ಸಾರು ಹಾಕಿಸಿಕೊಂಡರು. ಏಳುವಾಗ ಮೊದಲಿಯಾರರ ಕೈ ಕುಲುಕಿ, ಸಂಘದ ಪ್ರತಿ ಸದಸ್ಯನಿಗೂ ಪುಸ್ತಕ ಬೇಕೆಂದರು. ಸುಬೇದಾರರಿಗೆ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದು ಹೊರಟರು.

ಧೂಳು ಅಡಗಿತು. ಮುನಿಆಂಜನಪ್ಪ ರುಮಾಲು ತೆಗೆದು ಬೆವರು ಒರೆಸಿಕೊಂಡ.

“ಸಾರ್, ನನ್ ಕೆಲಸ...?”

“ಹೋಗಿಲ್ಲಪ್ಪಾ, ಹೋಗಿಲ್ಲ!” ಮೊದಲಿಯಾರರು ಅವನ ಬೆನ್ನು ತಟ್ಟಿದರು. “ನಿನ್ನಂಥೋನ್ನ ಬಿಡ್ತೀನಾ?”

ಮುನಿಆಂಜನಪ್ಪ ಕೈ ಮುಗಿದು, ಕಾರಿನ ಮುಂದಿನ ಬಾಗಿಲಿಗೆ ಕೈ ಹಾಕಿದ. ಮೊದಲಿಯಾರರು ಆ ಕೈಯನ್ನು ಮೆತ್ತಗೆ ಬಿಡಿಸಿ ಪಕ್ಕಕ್ಕಿಟ್ಟರು.

“ನೀನೆಲ್ಲಿಗೆ? ಇನ್ಮೇಲೆ ಮೋಟಾರು ಸಂಘದೋರೆಲ್ಲ ಬರ್ತಾರೆ. ಪುಸ್ತಕ ಅಚ್ಚಾಗಿ ಹೋಗಿದೆ, ಅದನ್ನ ತಿದ್ದೋಕಾಗಲ್ಲ. ನಿನ್ನ ತಿದ್ದಬಹುದು. ಇವತ್ತಿಂದ ನಿನ್ ಕೆಲಸ ಇಲ್ಲೇ.”

“ಸಾರ್! ನಾನು ಗುಮಾಸ್ತ ಸಾರ್!”

“ಮೀಸೆಗೆ ಎಣ್ಣೆ ಹಚ್ಕೋ” ಎಂದು ಮೊದಲಿಯಾರರು ಕಾರು ಹತ್ತಿದರು.

“ಸುಮ್ನೆ ಕೂತ್ರೆ ಆಗಲ್ಲ” ಎಂದಳು ಚಿಕ್ಕಮುನಿಯಮ್ಮ. “ಕಾರು ಬರ್ದಿರೋ ಹೊತ್ನಲ್ಲಿ ಮಸಾಲೆ ರುಬ್ಬಬೇಕು.”

ಮುನಿಆಂಜನಪ್ಪ ದಿಕ್ಕುಗಾಣದೆ ಮಾರಕ್ಕನ ಕಡೆ ನೋಡಿದ. ಹೊಸಕೋಟೆಗೆ ಹೋಗಬೇಕಾದ ಮಾರಕ್ಕ ಆಗಲೇ ಹಲಸೂರಿಗೆ ಹೊರಟ ಕಾರಿನಲ್ಲಿ ಕೂತಾಗಿತ್ತು.

“ಮಾರಕ್ಕಾ, ಮಗಳ ಮನೆಗೆ ಹೋಗಲ್ವಾ?”

“ಮಗಳೆಲ್ಲಿಗೆ ಓಡೋಗ್ತಾಳೆ ಬಿಡಪ್ಪಾ, ನಾಳೆ ನೋಡ್ಕೊಂಡ್ರಾಯ್ತು.” ಅವಳ ಮುಖ ಹಬ್ಬದ ಮನೆಯಂತೆ ಬೆಳಗುತ್ತಿತ್ತು. “ಗೋವಿಂದಮ್ಮಂಗೆ ಈ ಸುದ್ದಿ ಬೇರೆ ಯಾರೋ ಹೇಳಿ ಅವಳು ನೊಂದ್ಕೊಬಾರ್ದು ನೋಡು. ಗಂಡ ಇನ್ನೊಂದ್ ಸಂಸಾರ ಮಾಡವ್ನೆ ಅಂತ ನಾನೇ ಮೆತ್ತಗೆ ಹೇಳ್ತೀನಿ.”

“ಮಾರಕ್ಕಾ! ತಡೀ! ಅದು ಹಾಗಲ್ಲ...”

ಕಾರು ಹೊರಟೇಬಿಟ್ಟಿತು. ಮುನಿಆಂಜನಪ್ಪ ರುಮಾಲು ಕೈಯಲ್ಲಿ ಹಿಡಿದು ಹಿಂದೆ ಓಡಿದ. ಬೇವಿನಮರ ದಾಟಿ ಹತ್ತು ಮಾರು ಹೋಗಿರಲಿಲ್ಲ, ಎದುರಿನಿಂದ ಇನ್ನೊಂದು ಕಾರು ಬಂದು ಅವನ ಮುಂದೆಯೇ ನಿಂತಿತು. ಕಿಟಕಿಯಿಂದ ಕನ್ನಡಕದವರೊಬ್ಬರು ಪುಸ್ತಕ ಹಿಡಿದು ತಲೆ ಹೊರಹಾಕಿ, ಅವನ ಮುಖವನ್ನೊಮ್ಮೆ, ಪುಸ್ತಕವನ್ನೊಮ್ಮೆ ನೋಡಿದರು. ಅವರ ಮುಖ ಅರಳಿತು.

“ಸುಬೇದಾರರಲ್ವೇ ತಾವು?”

ಮುನಿಆಂಜನಪ್ಪ ದೂರದಲ್ಲಿ ಸಣ್ಣದಾಗುತ್ತಿದ್ದ ಮೊದಲಿಯಾರರ ಕಾರನ್ನು ನೋಡಿದ. ರುಮಾಲನ್ನು ಎತ್ತಿ ತಲೆಗೆ ಸುತ್ತಿಕೊಂಡ.

“ಹೌದು ಸಾರ್” ಎಂದ. “ಬನ್ನಿ, ಊಟಕ್ಕೆ.”